ಹಲಸಿನ ಹಣ್ಣಿನ ವಾಕ್ಯದಲ್ಲಿ ಕರ್ತೃ ಯಾರು: ಅಪ್ಪನೇ, ಅಜ್ಜಿಯೇ, ಹಣ್ಣೇ?

ಬದಿಯಡ್ಕದ ತಾಯಿ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಕೇರಳದ ಗಡಿನಾಡಾದ ಕಾಸರಗೋಡಿನಲ್ಲಿ. ನನ್ನ ಮಗಳು ಕನ್ನಡ ಮಾಧ್ಯಮದ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಮನೆಯಲ್ಲಿ ನಾವು ಮಾತನಾಡುವುದು ಹವ್ಯಕ ಕನ್ನಡ. ಅಂಗಡಿಗೋ ಆಸ್ಪತ್ರೆಗೋ ಹೋದರೆ ಎದುರಿಗಿದ್ದವರನ್ನು ನೋಡಿಕೊಂಡು ತುಳು ಅಥವಾ ಮಲಯಾಳ. ಶಾಲೆಯಲ್ಲಿ ಪುಸ್ತಕದ ಕನ್ನಡದ ಜೊತೆಗೆ ಮಲಯಾಳ, ಇಂಗ್ಲಿಷ್, ಹಿಂದಿ. ಇಷ್ಟು ಭಾಷೆಗಳ ನಡುವೆ ಬೆಳೆದವಳಿಗೆ ಮಾತಿನಲ್ಲಿ ಯಾವ ತೊಡಕೂ ಇಲ್ಲ. ಆದರೆ ವ್ಯಾಕರಣದ ಪುಟ ತೆರೆದ ಕೂಡಲೇ, ತಾನು ದಿನವೂ ಆಡುವ ಮಾತೇ ತನಗೆ ಅಪರಿಚಿತವಾದಂತೆ ಕುಳಿತುಬಿಡುತ್ತಾಳೆ.

ಕಳೆದ ವಾರದ ಕಿರುಪರೀಕ್ಷೆಯಲ್ಲಿ ಒಂದು ವಾಕ್ಯವನ್ನು ಕೊಟ್ಟು, ಅದರ ಕರ್ತೃವನ್ನೂ ಕ್ರಿಯಾಪದವನ್ನೂ ಗುರುತಿಸಿ, ಉಳಿದ ಪದಗಳು ಯಾವ ವರ್ಗಕ್ಕೆ ಸೇರುತ್ತವೆಂದು ಬರೆಯಲು ಹೇಳಿದ್ದರು. ವಾಕ್ಯ ಹೀಗಿತ್ತು: "ಅಪ್ಪ ನಿನ್ನೆ ತೋಟದಿಂದ ತಂದ ಹಲಸಿನ ಹಣ್ಣು ಅಜ್ಜಿಗೆ ಬಹಳ ಇಷ್ಟವಾಯಿತು."

ಮಗಳು ಕರ್ತೃ 'ಅಪ್ಪ', ಕ್ರಿಯಾಪದ 'ತಂದ' ಎಂದು ಬರೆದಳು, ಅಂಕ ಸಿಗಲಿಲ್ಲ. ಮನೆಗೆ ಬಂದು ನನ್ನನ್ನು ಕೇಳಿದಾಗ, ಇಷ್ಟಪಟ್ಟವರು ಅಜ್ಜಿಯಲ್ಲವೇ, ಆದ್ದರಿಂದ 'ಅಜ್ಜಿ'ಯೇ ಕರ್ತೃವಾಗಿರಬೇಕು ಎಂದು ನಾನು ಹೇಳಿದೆ. ಇದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳುವುದಾದರೆ ಅಜ್ಜಿಯಿಂದಲೇ ಆರಂಭಿಸುತ್ತೇವೆ ಎಂಬುದೂ ನನ್ನ ಮನಸ್ಸಿನಲ್ಲಿತ್ತು. ಆದರೆ ಶಾಲೆಯಲ್ಲಿ ಕೊಟ್ಟ ಸರಿಯುತ್ತರ 'ಹಣ್ಣು'. "ಕೆಲಸ ಮಾಡುವವರು ಕರ್ತೃ ಎಂದು ಕಲಿಸಿದ್ದಾರೆ, ಆ ಹಣ್ಣು ಏನು ಕೆಲಸ ಮಾಡಿತು?" ಎಂದು ಮಗಳು ಕೇಳುತ್ತಿದ್ದಾಳೆ. ನನಗೆ ಉತ್ತರ ತಿಳಿಯಲಿಲ್ಲ.

ಇನ್ನೊಂದು ಸಂದೇಹವೂ ಇದೆ. ಇಂಗ್ಲಿಷ್ ವ್ಯಾಕರಣದಲ್ಲಿ ಪದಗಳಿಗೆ ಎಂಟು ವರ್ಗಗಳನ್ನು ಹೇಳಿಕೊಟ್ಟಿದ್ದಾರೆ. ಕನ್ನಡ ಪುಸ್ತಕದಲ್ಲಿ ನಾಮಪದ, ಕ್ರಿಯಾಪದ, ಅವ್ಯಯ ಎಂಬ ಮೂರೇ ದೊಡ್ಡ ವಿಭಾಗಗಳು ಕಾಣುತ್ತವೆ. ಗುಣವನ್ನು ಹೇಳುವ ಪದಗಳು ಕನ್ನಡದಲ್ಲಿ ನಾಮಪದದ ಒಳಗೆ ಸೇರಿಕೊಂಡದ್ದು ಏಕೆ? 'ತಂದ', 'ಹಲಸಿನ', 'ಬಹಳ' ಎಂಬಂತಹ ಪದಗಳನ್ನು ಎಲ್ಲಿ ಇಡಬೇಕು? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಹಳೆಯ ಕರಿಹಲಗೆ (ನಿವೃತ್ತ ಕನ್ನಡ ಅಧ್ಯಾಪಕ, ಕುಂಬಳೆ) ಅವರ ಉತ್ತರ:

ಅಮ್ಮಾ, ನಿಮ್ಮ ಮಗಳ ಪ್ರಶ್ನೆ ನ್ಯಾಯವಾದದ್ದು. ತಪ್ಪಿರುವುದು ನಾವು ಚಿಕ್ಕ ತರಗತಿಗಳಲ್ಲಿ ಕೊಡುವ ವಿವರಣೆಯಲ್ಲಿ. 'ಕೆಲಸ ಮಾಡುವವರು ಕರ್ತೃ' ಎಂಬ ಮಾತು "ರಾಮನು ಮರವನ್ನು ಕಡಿದನು" ಎಂಬಂತಹ ವಾಕ್ಯಗಳಿಗೆ ಸಾಕಾಗುತ್ತದೆ. "ಮರ ಬಿದ್ದಿತು", "ಬಾವಿ ಬತ್ತಿತು" ಎಂದ ಕೂಡಲೇ ಅದು ಕುಂಟತೊಡಗುತ್ತದೆ, ಏಕೆಂದರೆ ಮರವಾಗಲಿ ಬಾವಿಯಾಗಲಿ ಏನನ್ನೂ ಮಾಡಿಲ್ಲ, ಅವುಗಳಿಗೆ ಏನೋ ಆಗಿದೆ, ಅಷ್ಟೆ. ಆದ್ದರಿಂದ ಮೂವತ್ತು ವರ್ಷ ಪಾಠ ಮಾಡಿದ ಮೇಲೆ ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಒಂದೇ ಮಾತು: ಕರ್ತೃ ಯಾರೆಂದು ಅರ್ಥವನ್ನು ಕೇಳುವ ಮೊದಲು ಕ್ರಿಯಾಪದವನ್ನು ಕೇಳಿ. ಕನ್ನಡದ ಕ್ರಿಯಾಪದವು ತನ್ನ ಕೊನೆಯ ಪ್ರತ್ಯಯದಲ್ಲಿ ಲಿಂಗ, ವಚನ, ಪುರುಷಗಳನ್ನು ಹೊತ್ತುಕೊಂಡಿರುತ್ತದೆ. ಅದು ಯಾವ ಪದಕ್ಕೆ ತಕ್ಕಂತೆ ಬದಲಾಗುತ್ತದೆಯೋ ಆ ಪದವೇ ಅದರ ಜೊತೆಗಾರ.

ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೀಗೆ ಮಾಡಿ ನೋಡಿ. 'ಅಜ್ಜಿಗೆ' ಎಂಬಲ್ಲಿ 'ಅಜ್ಜನಿಗೆ', 'ಮಕ್ಕಳಿಗೆ', 'ನನಗೆ' ಎಂದು ಒಂದೊಂದಾಗಿ ಹಾಕಿ, 'ಇಷ್ಟವಾಯಿತು' ಕದಲುವುದಿಲ್ಲ. 'ಅಪ್ಪ' ಇರುವಲ್ಲಿ 'ಅಮ್ಮ', 'ನಾನು', 'ಆಳುಗಳು' ಎಂದು ಹಾಕಿ. ಆಗಲೂ ಅದು ಹಾಗೆಯೇ ಇರುತ್ತದೆ. ಈಗ 'ಹಣ್ಣು' ಇರುವಲ್ಲಿ 'ಹಣ್ಣುಗಳು' ಎಂದು ಹಾಕಿದರೆ 'ಇಷ್ಟವಾದವು' ಎಂದು ಬರೆಯಬೇಕಾಗುತ್ತದೆ. ಹಣ್ಣಿನ ಬದಲು ಒಬ್ಬ ಹುಡುಗ ಬಂದನೆಂದು ಭಾವಿಸಿದರೆ "ಅಜ್ಜಿಗೆ ಆ ಹುಡುಗ ಇಷ್ಟವಾದನು", ಹುಡುಗಿಯಾದರೆ "ಇಷ್ಟವಾದಳು". ಮೂರು ಪದಗಳನ್ನು ಅಲುಗಿಸಿ ನೋಡಿದಾಗ ಕ್ರಿಯಾಪದ ಓಗೊಟ್ಟದ್ದು ಒಂದಕ್ಕೆ ಮಾತ್ರ. ಆದುದರಿಂದ ಶಾಲೆಯ ಉತ್ತರ ಸರಿ, ಆದರೆ ಕಾರಣವನ್ನು ಹೇಳದೆ ಉತ್ತರವನ್ನು ಮಾತ್ರ ಕೊಟ್ಟದ್ದರಿಂದ ಮಗುವಿಗೆ ಪ್ರಯೋಜನವಾಗಲಿಲ್ಲ.

ಮಗಳು 'ತಂದ' ಎಂಬುದನ್ನು ಕ್ರಿಯಾಪದವೆಂದು ತಿಳಿದದ್ದು ಅಜಾಗರೂಕತೆಯಿಂದಲ್ಲ. ಆಡುಮಾತಿನಲ್ಲಿ "ಅಪ್ಪ ಹಣ್ಣು ತಂದ" ಎಂದರೆ 'ತಂದನು' ಎಂದೇ ಅರ್ಥ, ಅಲ್ಲಿ 'ತಂದ' ನಿಜವಾದ ಕ್ರಿಯಾಪದ. "ಅಪ್ಪ ತಂದ ಹಣ್ಣು" ಎಂಬಲ್ಲಿರುವ 'ತಂದ' ಮಾತ್ರ ಕೃದಂತ. ಎರಡೂ ನೋಡಲು ಒಂದೇ, ಕೇಳಲು ಒಂದೇ. ಇವುಗಳನ್ನು ಬೇರೆಮಾಡುವ ಉಪಾಯವೂ ಮೇಲಿನದೇ. "ಅಮ್ಮ ತಂದ ಹಣ್ಣು", "ನಾನು ತಂದ ಹಣ್ಣು", "ಅವರು ತಂದ ಹಣ್ಣು" ಎನ್ನುವಾಗ ಕೃದಂತ ಬದಲಾಗುವುದಿಲ್ಲ. "ಅಮ್ಮ ತಂದಳು", "ನಾನು ತಂದೆನು", "ಅವರು ತಂದರು" ಎನ್ನುವಾಗ ಕ್ರಿಯಾಪದ ಬದಲಾಗುತ್ತದೆ. 'ತರು' ಎಂಬ ಧಾತುವಿನಿಂದ ಹುಟ್ಟಿ, ಕ್ರಿಯೆಯ ಅರ್ಥವನ್ನು ಉಳಿಸಿಕೊಂಡು, 'ಅಪ್ಪ' ಎಂಬ ತನ್ನದೇ ಕರ್ತೃವನ್ನು ಹಿಂದಿಟ್ಟುಕೊಂಡೂ, ಮುಂದಿರುವ ಹಣ್ಣನ್ನು ವಿಶೇಷಿಸುವ ಕೆಲಸ ಮಾಡುವ ಈ ರೂಪ ಕನ್ನಡದ ವಾಕ್ಯರಚನೆಯ ಬಹು ಚೆಲುವಾದ ಭಾಗವೆಂದು ನಾನು ಭಾವಿಸುತ್ತೇನೆ. 'ನಾನು ಓದಿದ ಪುಸ್ತಕ', 'ನಾನು ಓದಿದ ಶಾಲೆ', 'ಚೆನ್ನಾಗಿ ಓದಿದ ಹುಡುಗಿ' ಎಂಬ ಮೂರರಲ್ಲಿಯೂ 'ಓದಿದ' ಒಂದೇ, ಆದರೆ ಓದಿಗೂ ಪುಸ್ತಕಕ್ಕೂ ಇರುವ ಸಂಬಂಧ ಬೇರೆ, ಶಾಲೆಗೆ ಇರುವ ಸಂಬಂಧ ಬೇರೆ, ಹುಡುಗಿಗೆ ಇರುವ ಸಂಬಂಧ ಬೇರೆ. ಇಂಗ್ಲಿಷಿನಲ್ಲಿ ಇಂತಹ ಕಡೆ ಸಂಬಂಧವನ್ನು ತೋರಿಸಲು ಬೇರೆ ಬೇರೆ ಸರ್ವನಾಮಗಳು ಬರುತ್ತವೆ. ನಾವು ಆ ಸಂಬಂಧವನ್ನು ಕೇಳುಗರ ತಿಳಿವಳಿಕೆಗೆ ಬಿಟ್ಟುಕೊಡುತ್ತೇವೆ, ಅವರೂ ತಪ್ಪುವುದಿಲ್ಲ.

ಇನ್ನು ಪದವರ್ಗಗಳ ವಿಷಯ. ಕನ್ನಡ ವ್ಯಾಕರಣವು ಪದವನ್ನು ಮೊದಲು ಅದು ಯಾವ ಪ್ರತ್ಯಯವನ್ನು ತೆಗೆದುಕೊಳ್ಳುತ್ತದೆ ಎಂಬುದರಿಂದ ಗುರುತಿಸುತ್ತದೆ. 'ಅನ್ನು', 'ಇಂದ', 'ಗೆ' ಮುಂತಾದ ವಿಭಕ್ತಿ ಪ್ರತ್ಯಯ ಹತ್ತಿದರೆ ನಾಮಪದ, ಮೇಲೆ ಹೇಳಿದ ಲಿಂಗ, ವಚನ, ಪುರುಷಗಳನ್ನು ತೋರಿಸುವ ಆಖ್ಯಾತ ಪ್ರತ್ಯಯ ಹತ್ತಿದರೆ ಕ್ರಿಯಾಪದ, ಯಾವುದೂ ಹತ್ತದೆ ಇದ್ದ ಹಾಗೆಯೇ ಇದ್ದರೆ ಅವ್ಯಯ. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣ ಎಂಬ ವ್ಯಾಕರಣ ಗ್ರಂಥದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳಿವೆ; ಗುಣವಾಚಕಗಳಿಗೆಂದೇ ಬೇರೊಂದು ಪ್ರಕರಣವಿಲ್ಲ, ವಾಕ್ಯಕ್ಕೆಂದೂ ಇಲ್ಲ. ಗುಣವಾಚಕಗಳು ನಾಮದ ಮನೆಯಲ್ಲಿಯೇ ಇರುವುದಕ್ಕೆ ಕಾರಣ ಕಷ್ಟದ್ದಲ್ಲ. 'ದೊಡ್ಡ', 'ಒಳ್ಳೆಯ' ಎಂಬವು 'ದೊಡ್ಡವನು', 'ದೊಡ್ಡವರಿಗೆ', 'ಒಳ್ಳೆಯದನ್ನು' ಎಂದಾದ ಕೂಡಲೇ ಎಲ್ಲ ವಿಭಕ್ತಿಗಳನ್ನೂ ಧರಿಸುತ್ತವೆ. ನಾಮಪದದ ಮುಂದೆ ವಿಶೇಷಣವಾಗಿ ನಿಂತಾಗ ಮಾತ್ರ ಸುಮ್ಮನಿರುತ್ತವೆ: ದೊಡ್ಡ ಮರ, ದೊಡ್ಡ ಮರಗಳು, ದೊಡ್ಡ ಹುಡುಗಿ. ನಿಮ್ಮ ಮಗಳು ಹಿಂದಿಯನ್ನೂ ಓದುತ್ತಾಳಲ್ಲ, ಅಲ್ಲಿ ಇದೇ ಅರ್ಥದ ಪದ ಬಡಾ, ಬಡೀ, ಬಡೇ ಎಂದು ಬದಲಾಗುವುದನ್ನು ಪಕ್ಕದಲ್ಲಿಟ್ಟು ತೋರಿಸಿ.

ಈ ಅಳತೆಗೋಲನ್ನು ಹಿಡಿದು ನಿಮ್ಮ ವಾಕ್ಯದ ಉಳಿದ ಪದಗಳನ್ನು ನೋಡೋಣ. 'ಹಲಸಿನ' ಎಂಬುದು ಷಷ್ಠೀ ವಿಭಕ್ತಿಯ ನಾಮಪದ, 'ಅಜ್ಜಿಗೆ' ಚತುರ್ಥಿ. 'ಬಹಳ' ಪರಿಮಾಣವಾಚಕ, ಇಲ್ಲಿ ಇಷ್ಟದ ಅಳತೆಯನ್ನು ಹೇಳುತ್ತದೆ. 'ನಿನ್ನೆ' ಎಂಬುದನ್ನು ಅನೇಕರು ಅವ್ಯಯವೆನ್ನುತ್ತಾರೆ. ಆದರೆ 'ನಿನ್ನೆಯ ಮಳೆ', 'ನಿನ್ನೆಯಿಂದ ಜ್ವರ' ಎಂದು ವಿಭಕ್ತಿ ಹತ್ತುವ ಪದವನ್ನು ಅವ್ಯಯವೆನ್ನಲು ನನಗೆ ಮನಸ್ಸು ಬರುವುದಿಲ್ಲ. ರೂಪದಲ್ಲಿ ನಾಮ, ಇಲ್ಲಿ ಮಾಡುವ ಕೆಲಸ ಕ್ರಿಯೆಯ ಕಾಲವನ್ನು ಹೇಳುವುದು ಎಂದು ಎರಡನ್ನೂ ಬರೆಯುವುದು ಒಳ್ಳೆಯದು.

'ತೋಟದಿಂದ' ಎಂಬಲ್ಲಿ ಸ್ವಲ್ಪ ನಿಲ್ಲಬೇಕು. ಶಾಲೆಯ ಕೋಷ್ಟಕದಲ್ಲಿ ತೃತೀಯೆಗೆ 'ಇಂದ', ಪಂಚಮಿಗೆ 'ದೆಸೆಯಿಂದ' ಎಂದು ಇರುತ್ತದೆ. ಅಗಲಿಕೆಯನ್ನು ಹೇಳುವುದು ಪಂಚಮಿ ಎಂದಾದರೆ 'ತೋಟದ ದೆಸೆಯಿಂದ ತಂದ ಹಣ್ಣು' ಎಂದಾಗಬೇಕಿತ್ತು, ಆದರೆ ಹಾಗೆ ಹೇಳುವ ಒಬ್ಬ ಕನ್ನಡಿಗನನ್ನೂ ನಾನು ಕಂಡಿಲ್ಲ. 'ಕತ್ತಿಯಿಂದ ಕೊಯ್ದೆ' ಎಂಬಲ್ಲಿಯೂ 'ತೋಟದಿಂದ ತಂದೆ' ಎಂಬಲ್ಲಿಯೂ ಇಂದಿನ ಕನ್ನಡದಲ್ಲಿರುವ ಪ್ರತ್ಯಯ ಒಂದೇ. ಮೊದಲನೆಯದು ಸಾಧನ, ಎರಡನೆಯದು ಹೊರಟ ಸ್ಥಳ ಎಂಬ ಭೇದವನ್ನು ಅರ್ಥದಿಂದ ತಿಳಿದುಕೊಳ್ಳುತ್ತೇವೆ. ಸಂಸ್ಕೃತದ ಏಳು ವಿಭಕ್ತಿಗಳ ಲೆಕ್ಕಕ್ಕೆ ಸರಿಹೊಂದಿಸಲು ಹೋದುದರಿಂದ ಹುಟ್ಟಿದ ತೊಡಕು ಇದು.

ಶಿರಿಯಾ ಹೊಳೆ ಅವರ ಉತ್ತರ:

ಅಕ್ಕ, ನಾನು ಮಂಜೇಶ್ವರದ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮಾಸ್ಟ್ರು ಹೇಳಿದ ಉಪಾಯ ಸರಿಯಾದದ್ದೇ, ಆದರೆ ನಮ್ಮ ಊರಿನ ಮಕ್ಕಳಿಗೆ ಅದು ತಾನಾಗಿ ಹೊಳೆಯದಿರುವುದಕ್ಕೆ ಒಂದು ಕಾರಣವಿದೆ, ಅದನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತದೆ.

ಮಲಯಾಳದ ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷಗಳ ಪ್ರತ್ಯಯ ಹತ್ತುವುದಿಲ್ಲ. 'ಅವನ್ ವನ್ನು', 'ಅವಳ್ ವನ್ನು', 'ಅವರ್ ವನ್ನು', 'ಞಾನ್ ವನ್ನು' ಎಂದು ಯಾರು ಬಂದರೂ 'ವನ್ನು' ಒಂದೇ. ಆಟದ ಬಯಲಿನಲ್ಲಿಯೂ ಟಿವಿಯ ಮುಂದೆಯೂ ಹೆಚ್ಚಾಗಿ ಮಲಯಾಳವನ್ನೇ ಕೇಳುವ ಮಗುವಿನ ಕಿವಿಗೆ, ಕ್ರಿಯಾಪದದ ಕೊನೆಯಲ್ಲಿ ಕರ್ತೃವಿನ ಗುರುತು ಇರುತ್ತದೆ ಎಂಬುದು ಸಹಜವಾಗಿ ಬೀಳುವ ಸಂಗತಿಯಲ್ಲ. ನನ್ನ ತರಗತಿಯಲ್ಲಿ "ಅಧ್ಯಾಪಕರು ಬಂದಿತು", "ನಾವು ಹೋಯಿತು" ಎಂದು ಬರೆದ ಮಕ್ಕಳನ್ನು ಕಂಡಿದ್ದೇನೆ. ತುಳು ಮನೆಮಾತಿನ ಮಕ್ಕಳಿಂದ ಇಂತಹ ತಪ್ಪು ಕಡಿಮೆ, ಏಕೆಂದರೆ ತುಳುವಿನಲ್ಲಿ 'ಆಯೆ ಬತ್ತೆ', 'ಆಳ್ ಬತ್ತಳ್' ಎಂದು ಕನ್ನಡದಂತೆಯೇ ಕ್ರಿಯಾಪದ ಹೊಂದಿಕೊಳ್ಳುತ್ತದೆ. ಆದ್ದರಿಂದ ನಾನು ಕ್ರಿಯಾಪದದ ಪಾಠವನ್ನು ಆರಂಭಿಸುವುದೇ ಈ ಮೂರು ಭಾಷೆಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು. ಗಡಿನಾಡಿನಲ್ಲಿ ಕಲಿಸುವವರಿಗೆ ಇರುವ ಅನುಕೂಲ ಇದು. ಬೇರೆ ಭಾಷೆಯನ್ನು ತರಗತಿಯ ಹೊರಗಿಟ್ಟು ಕನ್ನಡವನ್ನು ಕಾಪಾಡುತ್ತೇವೆಂದು ಭಾವಿಸುವುದು ನನಗೆ ಸರಿಕಾಣುವುದಿಲ್ಲ.

'ತಂದ' ಎಂಬುದರ ಗೊಂದಲಕ್ಕೂ ಮಲಯಾಳ ನೆರವಾಗುತ್ತದೆ. ಅಲ್ಲಿ 'ಅವನ್ ವನ್ನು' ಎಂದರೆ ಅವನು ಬಂದನು, 'ವನ್ನ ಆಳ್' ಎಂದರೆ ಬಂದ ವ್ಯಕ್ತಿ. ಕೊನೆಯ ಸ್ವರವೊಂದೇ ಕ್ರಿಯಾಪದವನ್ನೂ ಕೃದಂತವನ್ನೂ ಬೇರೆಮಾಡುತ್ತದೆ. ಮಲಯಾಳ ಚೆನ್ನಾಗಿ ಬರುವ ಮಗುವಿಗೆ, "ಇದು ವನ್ನುವೋ ವನ್ನವೋ ನೋಡು" ಎಂದರೆ ಸಾಕು, ಕನ್ನಡದ 'ಬಂದ' ಯಾವುದೆಂದು ಕೂಡಲೇ ಹೇಳಿಬಿಡುತ್ತದೆ.

ನಿಮ್ಮದು ಹವ್ಯಕ ಮನೆಯಾದುದರಿಂದ ಒಂದು ಎಚ್ಚರಿಕೆ ಬೇಕು. ನಿಮ್ಮ ಮನೆಮಾತಿನಲ್ಲಿ 'ಅಕ್ಕ ಬಂತು' ಎಂದು ಹೆಂಗಸರಿಗೂ ನಪುಂಸಕದ ರೂಪವನ್ನೇ ಬಳಸುತ್ತೀರಲ್ಲ. ಆದ್ದರಿಂದ 'ಅಮ್ಮ' ಎಂಬ ಪದವನ್ನು ಹಾಕಿ ಪರೀಕ್ಷಿಸಿದರೆ ಮಗಳಿಗೆ ಬೇಕಾದ ವ್ಯತ್ಯಾಸ ಕಿವಿಗೆ ಕೇಳಿಸದೆ ಹೋಗಬಹುದು. 'ನಾನು' ಅಥವಾ 'ಅವರು' ಎಂದು ಹಾಕಿ ನೋಡುವುದು ಹೆಚ್ಚು ಭದ್ರ. ಮನೆಮಾತಿನ ಆ ರೂಪ ತಪ್ಪೆಂದು ಮಾತ್ರ ದಯವಿಟ್ಟು ಹೇಳಬೇಡಿ. ಅದಕ್ಕೆ ಅದರದೇ ವ್ಯಾಕರಣವಿದೆ, ಮತ್ತು ಕೆಲವು ಕಡೆ ಅದು ಗ್ರಂಥಸ್ಥ ಕನ್ನಡಕ್ಕಿಂತ ಸೂಕ್ಷ್ಮವಾಗಿದೆ. ಕೇಳುವವರನ್ನೂ ಸೇರಿಸಿಕೊಂಡು ಹೇಳುವ 'ನಾವು' ಹಾಗೂ ಅವರನ್ನು ಬಿಟ್ಟು ಹೇಳುವ 'ಎಂಗೊ' ಎಂಬ ಭೇದ ನಿಮ್ಮಲ್ಲಿದೆ. ತುಳುವಿನಲ್ಲಿ ಅದೇ ಭೇದ 'ನಮ', 'ಎಂಕುಳು' ಎಂದಿದೆ. ಮಲಯಾಳದಲ್ಲಿ 'ನಮ್ಮಳ್', 'ಞಙ್ಙಳ್' ಎಂದಿದೆ. ಪುಸ್ತಕದ ಕನ್ನಡದಲ್ಲಿ ಎರಡಕ್ಕೂ 'ನಾವು' ಒಂದೇ. ಸರ್ವನಾಮದ ಪಾಠದಲ್ಲಿ ಇದನ್ನು ಹೇಳಿದ ದಿನ ಮಕ್ಕಳ ಮುಖ ಅರಳುವುದನ್ನು ನೋಡಬೇಕು.

ಇನ್ನೊಂದು ವಿಷಯವನ್ನು ಹೇಳದಿರಲಾರೆ. ನಮ್ಮ ಮಕ್ಕಳ ಬರವಣಿಗೆಯಲ್ಲಿ "ಇದು ನನ್ನ ಪುಸ್ತಕವಾಗಿದೆ", "ಅವರು ನನ್ನ ಮಾವ ಆಗಿದ್ದಾರೆ" ಎಂಬ ವಾಕ್ಯಗಳು ತುಂಬಿವೆ. ಮಲಯಾಳದಲ್ಲಿ ಇಂತಹ ಕಡೆ 'ಆಣ್' ಬರುತ್ತದೆ, ಇಂಗ್ಲಿಷಿನಲ್ಲಿಯೂ ಒಂದು ಕ್ರಿಯಾಪದ ಬಂದೇ ಬರುತ್ತದೆ. ಆದ್ದರಿಂದ ಕನ್ನಡದಲ್ಲಿಯೂ ಏನನ್ನಾದರೂ ಹಾಕಬೇಕೆಂದು ಮಕ್ಕಳಿಗೆ ತೋರುತ್ತದೆ. ಆದರೆ "ಇದು ನನ್ನ ಪುಸ್ತಕ" ಎಂಬುದು ಕ್ರಿಯಾಪದವೇ ಇಲ್ಲದ ಪೂರ್ಣ ವಾಕ್ಯ. "ಕಾಸರಗೋಡು ಒಂದು ಜಿಲ್ಲೆ" ಎಂದರೆ ಸಾಕು. "ಕಾಸರಗೋಡು 1984ರಲ್ಲಿ ಜಿಲ್ಲೆಯಾಯಿತು" ಎಂಬಲ್ಲಿ ಮಾತ್ರ 'ಆಯಿತು' ಬೇಕು, ಏಕೆಂದರೆ ಅಲ್ಲಿ ಮೊದಲು ಇಲ್ಲದ್ದು ಆದ ಸಂಗತಿಯಿದೆ. 'ಆಗು' ಎಂಬ ಧಾತುವಿನ ಅರ್ಥವನ್ನು ಮರೆತು ಅದನ್ನು ವಾಕ್ಯದ ಬಾಲವನ್ನಾಗಿ ಮಾಡಿಕೊಂಡದ್ದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಗಡಿನಾಡಿನ ಓದುಗ (ಭಾಷಾವಿಜ್ಞಾನದ ಸಂಶೋಧನಾ ವಿದ್ಯಾರ್ಥಿ) ಅವರ ಉತ್ತರ:

ಮಾಸ್ಟ್ರ ವಿವರಣೆಯನ್ನು ಗೌರವದಿಂದ ಒಪ್ಪಿಕೊಂಡೇ ಕೆಲವು ತೊಡಕುಗಳನ್ನು ಮುಂದಿಡುತ್ತೇನೆ, ಏಕೆಂದರೆ ಅಕ್ಕನವರು 'ಅಜ್ಜಿ' ಎಂದು ಹೇಳಿದ್ದು ಪೂರ್ತಿ ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ಕನ್ನಡದಲ್ಲಿ 'ತನ್ನ' ಎಂಬ ಪದ ಸಾಮಾನ್ಯವಾಗಿ ವಾಕ್ಯದ ಕರ್ತೃವನ್ನೇ ತೋರಿಸುತ್ತದೆ. "ಅಪ್ಪ ಅಜ್ಜಿಗೆ ತನ್ನ ಕೊಡೆಯನ್ನು ಕೊಟ್ಟನು" ಎಂದರೆ ಕೊಡೆ ಅಪ್ಪನದು. ಇಲ್ಲಿ 'ಅಜ್ಜಿಗೆ' ಎಂಬ ಚತುರ್ಥಿಯ ಪದವಿದ್ದರೂ 'ತನ್ನ' ಅದರ ಕಡೆ ತಿರುಗುವುದಿಲ್ಲ. ಈಗ "ಅಜ್ಜಿಗೆ ತನ್ನ ತೋಟದ ಹಣ್ಣೇ ಇಷ್ಟವಾಯಿತು" ಎಂಬುದನ್ನು ನೋಡಿ. ತೋಟ ಅಜ್ಜಿಯದು. ವಿಭಕ್ತಿ ಅದೇ ಚತುರ್ಥಿ, ಆದರೆ 'ತನ್ನ' ಈ ಬಾರಿ ಅಜ್ಜಿಯನ್ನೇ ಹುಡುಕಿಕೊಂಡು ಹೋಯಿತು. ಹಾಗೆಯೇ "ಹಣ್ಣನ್ನು ತಿಂದು ಅಜ್ಜಿಗೆ ಸಂತೋಷವಾಯಿತು" ಎಂಬಲ್ಲಿ ತಿಂದವರು ಅಜ್ಜಿ. 'ತಿಂದು' ಎಂಬ ಕೃದಂತಾವ್ಯಯದ (ಧಾತುವಿನಿಂದ ಹುಟ್ಟಿ ರೂಪ ಬದಲಾಗದ ಪದದ) ಕರ್ತೃವೂ ಮುಂದಿನ ಕ್ರಿಯಾಪದದ ಕರ್ತೃವೂ ಸಾಮಾನ್ಯವಾಗಿ ಒಬ್ಬರೇ ಆಗಿರುತ್ತಾರೆ ಎಂಬುದು ನಾವು ಕಲಿತ ನಿಯಮ. "ಮಳೆ ಬಂದು ಹೊಳೆ ತುಂಬಿತು" ಎಂಬಂತೆ ಒಂದು ಇನ್ನೊಂದಕ್ಕೆ ಕಾರಣವಾದಲ್ಲಿ ಮಾತ್ರ ಆ ನಿಯಮ ಸಡಿಲವಾಗುತ್ತದೆ. ಕ್ರಿಯಾಪದದ ಪ್ರತ್ಯಯ ಒಂದು ಪದವನ್ನು ತೋರಿಸಿದರೆ, 'ತನ್ನ' ಮತ್ತು 'ತಿಂದು' ಇನ್ನೊಂದನ್ನು ತೋರಿಸುತ್ತವೆ. ಕರ್ತೃವಿನ ಲಕ್ಷಣಗಳು ಇಲ್ಲಿ ಇಬ್ಬರಲ್ಲಿ ಹಂಚಿಹೋಗಿವೆ. ಹಸಿವು, ನೋವು, ಇಷ್ಟ, ನೆನಪು, ತಿಳಿವು ಮುಂತಾದ ಅನುಭವಗಳನ್ನು ಹೇಳುವಾಗ ಕನ್ನಡವು ಅನುಭವಿಸುವವರನ್ನು ಚತುರ್ಥಿಯಲ್ಲಿಡುತ್ತದೆ. ತುಳುವಿನ 'ಎಂಕ್ ಬಡವಾಪುಂಡು' ಎಂಬುದೂ ಹಾಗೆಯೇ. ಹಿಂದಿಯ 'ಮುಝೇ ಭೂಖ್ ಲಗೀ ಹೈ' ಎಂಬಲ್ಲಿ ಹುಡುಗನೇ ಹೇಳಿದರೂ 'ಲಗೀ' ಎಂದು ಸ್ತ್ರೀಲಿಂಗ ಬರುವುದು, 'ಭೂಖ್' ಸ್ತ್ರೀಲಿಂಗವಾಗಿರುವುದರಿಂದ. ಮಲಯಾಳದ 'ಎನಿಕ್ಕ್ ವಿಶಕ್ಕುನ್ನು' ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಹಸಿವು ಎಂಬ ನಾಮಪದವೇ ಇಲ್ಲ, ಚತುರ್ಥಿ ಮತ್ತು ಕ್ರಿಯಾಪದ ಎರಡರಿಂದಲೇ ವಾಕ್ಯ ಮುಗಿಯುತ್ತದೆ.

ಎರಡನೆಯ ತೊಡಕು, ಪ್ರತ್ಯಯವನ್ನೇ ಧರಿಸದ ಪದಗಳದ್ದು. ನಮ್ಮ ಕಡೆ ಹೆಜ್ಜೆಹೆಜ್ಜೆಗೂ ಬರುವ 'ಉಂಟು', ಮತ್ತು 'ಬೇಕು', 'ಸಾಕು', 'ಬೇಡ', 'ಅಲ್ಲ', 'ಇಲ್ಲ' ಎಂಬವನ್ನು ಕ್ರಿಯಾರ್ಥಕಾವ್ಯಯಗಳೆಂದು ಕರೆಯುತ್ತಾರೆ. ಇವು ಯಾರಿಗೂ ಹೊಂದಿಕೊಳ್ಳುವುದಿಲ್ಲ, ಹಾಗಾದರೆ ಕೇಳುವುದು ಯಾರನ್ನು? ಇದಕ್ಕೆ ಒಂದು ದಾರಿಯಿದೆ. "ತೋಟಕ್ಕೆ ಇಬ್ಬರು ಆಳುಗಳು ಬೇಕು" ಎಂಬುದನ್ನು ಸ್ವಲ್ಪ ಹಿಗ್ಗಿಸಿ "ಬೇಕಾಗಿದ್ದಾರೆ" ಎಂದು ಮಾಡಿ. ಅಂಗಡಿಗಳ ಮುಂದೆ "ಕೆಲಸಗಾರರು ಬೇಕಾಗಿದ್ದಾರೆ" ಎಂದು ತೂಗುಹಾಕಿದ ಹಲಗೆಯನ್ನು ಎಲ್ಲರೂ ಕಂಡಿರುತ್ತಾರೆ. ತೆಂಗಿನಕಾಯಿಗಳಾದರೆ "ಬೇಕಾಗಿವೆ" ಎನ್ನುತ್ತೇವೆ. ಬೇಕೆನ್ನುವವರಿಗೆ ಹೊಂದಿಕೊಳ್ಳದೆ ಬೇಕಾದ ವಸ್ತುವಿಗೆ ಹೊಂದಿಕೊಂಡಿತು. ಮಾಸ್ಟ್ರ ಉಪಾಯ ಇಲ್ಲಿಯೂ ಗೆದ್ದಿತು.

ಅದು ಸೋಲುವ ಸ್ಥಳ ಕರ್ಮಣಿ ಪ್ರಯೋಗ. "ಈ ಕವಿತೆಯು ಮಂಜೇಶ್ವರದ ಗೋವಿಂದ ಪೈಗಳಿಂದ ಬರೆಯಲ್ಪಟ್ಟಿತು" ಎಂಬಲ್ಲಿ ಕ್ರಿಯಾಪದ ಹೊಂದಿಕೊಂಡದ್ದು ಕವಿತೆಗೆ, ಆದರೆ ವ್ಯಾಕರಣದ ಪ್ರಕಾರ ಕರ್ತೃ ತೃತೀಯೆಯಲ್ಲಿರುವ ಗೋವಿಂದ ಪೈಗಳು, ಕವಿತೆ ಕರ್ಮ. ಸಂಸ್ಕೃತ ಪರಂಪರೆಯ 'ಕರ್ತೃ' ಎಂಬುದು ಕ್ರಿಯೆಯಲ್ಲಿ ವಹಿಸುವ ಪಾತ್ರದ ಹೆಸರು. ಕ್ರಿಯಾಪದವನ್ನು ಬದಲಾಯಿಸುವ ಪದಕ್ಕೆ ಬೇರೊಂದು ಹೆಸರು ಬೇಕಾಗಿತ್ತು. ಎರಡಕ್ಕೂ ಒಂದೇ ಹೆಸರನ್ನು ಕೊಟ್ಟು ಮಕ್ಕಳಿಂದ ಒಂದೇ ಉತ್ತರವನ್ನು ಕೇಳುವುದರಿಂದ ಇಂತಹ ಪ್ರಶ್ನೆಗಳು ಹುಟ್ಟುತ್ತವೆ. ಕನ್ನಡವನ್ನು ಅದರದೇ ರಚನೆಯಿಂದ ವಿವರಿಸಬೇಕೆಂದು ವಾದಿಸಿದ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ನಾಮ, ಕ್ರಿಯೆಗಳಿಗೆ ಹೆಸರುಪದ, ಎಸಕಪದ ಎಂಬ ಹೆಸರುಗಳನ್ನು ಬಳಸಿದರು. ಆ ಹೆಸರುಗಳನ್ನು ಒಪ್ಪುವುದು ಬಿಡುವುದು ಅವರವರ ಇಚ್ಛೆ, ಆದರೆ ಕನ್ನಡದ ಸಂಗತಿಗಳನ್ನು ಮೊದಲು ನೋಡಿ ಆಮೇಲೆ ಪೆಟ್ಟಿಗೆಗಳನ್ನು ಮಾಡಬೇಕೆಂಬ ಅವರ ನಿಲುವು ನಿಮ್ಮ ಮಗಳ ಪ್ರಶ್ನೆಯಲ್ಲಿಯೂ ಇದೆ.

ಬದಿಯಡ್ಕದ ತಾಯಿ ಬರೆದದ್ದು:

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ರಾತ್ರಿ ಊಟದ ಬಳಿಕ ನಾವಿಬ್ಬರೂ ಕುಳಿತು ಎಲ್ಲವನ್ನೂ ಓದಿದೆವು. "ನಾನು ಹಸಿದಿದ್ದೇನೆ" ಎಂಬಲ್ಲಿ ಕ್ರಿಯಾಪದ 'ನಾನು' ಎಂಬುದನ್ನು ತೋರಿಸುತ್ತದೆ, "ನನಗೆ ಹಸಿವಾಗಿದೆ" ಎಂಬಲ್ಲಿ ಹಸಿವನ್ನು ತೋರಿಸುತ್ತದೆ ಎಂದು ಮಗಳೇ ಕಂಡುಹಿಡಿದಳು. ಬಳಿಕ ಅವಳು ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿಡುತ್ತೇನೆ. 'ಹಸಿವಾಗಿದೆ' ಎಂಬುದರಲ್ಲಿ ಹಸಿವು ಕರ್ತೃವಾದರೆ, 'ಇಷ್ಟವಾಯಿತು' ಎಂಬುದರಲ್ಲಿ ಇಷ್ಟವೇ ಏಕೆ ಕರ್ತೃವಾಗಲಿಲ್ಲ? "ನನಗೆ ಅಜ್ಜಿಯನ್ನು ಕಂಡರೆ ಇಷ್ಟ" ಎಂಬ ವಾಕ್ಯದಲ್ಲಿ ಕರ್ತೃ ಯಾರು? ಪರೀಕ್ಷೆಯಲ್ಲಿ ಏನನ್ನು ಬರೆಯಬೇಕೆಂಬುದನ್ನೂ ದಯವಿಟ್ಟು ತಿಳಿಸಿ.

ಹಳೆಯ ಕರಿಹಲಗೆ ಅವರ ಉತ್ತರ:

ಮೊದಲನೆಯದಕ್ಕೆ ಉತ್ತರ ಸುಲಭ. "ನನಗೆ ಹಸಿವಾಗಿದೆ" ಎಂಬಲ್ಲಿ 'ಆಗಿದೆ' ಎಂಬುದಕ್ಕೆ ಹೊಂದಿಕೊಳ್ಳಲು ಹಸಿವಿನ ಹೊರತು ಬೇರೆ ಪ್ರಥಮಾ ವಿಭಕ್ತಿಯ ('ಅನ್ನು', 'ಇಂದ', 'ಗೆ' ಮುಂತಾದವು ಹತ್ತದ) ಪದವೇ ಇಲ್ಲ. "ಅಜ್ಜಿಗೆ ಹಣ್ಣು ಇಷ್ಟವಾಯಿತು" ಎಂಬಲ್ಲಿ ಹಣ್ಣು ಇದೆ, ಮತ್ತು 'ಇಷ್ಟವಾದವು', 'ಇಷ್ಟವಾದನು' ಎಂಬ ಬದಲಾವಣೆಗೆ ಕಾರಣವಾಗುವುದು ಅದೇ. ಇಷ್ಟವು ಅಲ್ಲಿ 'ಏನಾಯಿತು' ಎಂಬುದಕ್ಕೆ ಉತ್ತರವಾಗಿ ಆಖ್ಯಾತದ ಜೊತೆ ಸೇರಿಕೊಂಡಿದೆ, "ಹಾಲು ಮೊಸರಾಯಿತು" ಎಂಬಲ್ಲಿ ಮೊಸರು ಸೇರಿಕೊಂಡ ಹಾಗೆ.

ಎರಡನೆಯ ವಾಕ್ಯದ ಮುಂದೆ ನಾನು ಬಹಳ ಹೊತ್ತು ಕುಳಿತೆ. 'ನನಗೆ' ಚತುರ್ಥಿ, 'ಅಜ್ಜಿಯನ್ನು' ದ್ವಿತೀಯೆ, ಅದು 'ಕಂಡರೆ' ಎಂಬ ಪಕ್ಷಾರ್ಥದ ('ಹೀಗಾದರೆ' ಎಂಬ ಅರ್ಥದ) ಕೃದಂತಕ್ಕೆ ಕರ್ಮ. ಕೊನೆಯಲ್ಲಿ ಕ್ರಿಯಾಪದವಿಲ್ಲ. 'ಇಷ್ಟವಾಗುತ್ತದೆ' ಎಂದು ಹಿಗ್ಗಿಸಿ, ಅಜ್ಜಿಯನ್ನು ಮಾವನನ್ನಾಗಿಯೋ ಮಕ್ಕಳನ್ನಾಗಿಯೋ ಬದಲಾಯಿಸಿದರೂ ಅದು ಅಲುಗುವುದಿಲ್ಲ. ಹಾಗಾಗಿ ಇಲ್ಲಿ ಕ್ರಿಯಾಪದವನ್ನು ಆಳುವ ಬೇರೆ ಪದವಿಲ್ಲ, 'ಇಷ್ಟ' ಎಂಬುದೊಂದೇ ಪ್ರಥಮೆಯಲ್ಲಿ ನಿಂತಿದೆ, ಆ ಇಷ್ಟವನ್ನು ಅನುಭವಿಸುವವಳು 'ನಾನು' ಎಂದು ಹೇಳಬಲ್ಲೆ. ಇದಕ್ಕಿಂತ ಹೆಚ್ಚು ಹೇಳಿದರೆ ವಾಕ್ಯದಲ್ಲಿಲ್ಲದ್ದನ್ನು ಹೇಳಿದಂತಾಗುತ್ತದೆ. ಸಂಶೋಧಕ ಮಿತ್ರರು ಹೇಳಿದಂತೆ, ಕ್ರಿಯಾಪದ ಯಾರಿಗೆ ಹೊಂದಿಕೊಂಡಿದೆ, ಅನುಭವ ಯಾರದ್ದು ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕೆಂಬುದನ್ನು ನಾನು ಈಗ ಪೂರ್ಣವಾಗಿ ಒಪ್ಪುತ್ತೇನೆ. ಪಾಠ ಮಾಡುತ್ತಿದ್ದ ದಿನಗಳಲ್ಲಿ 'ತನ್ನ' ಎಂಬ ಪದದ ಈ ಪರೀಕ್ಷೆ ನನಗೆ ಗೊತ್ತಿದ್ದಿದ್ದರೆ ಎಷ್ಟೋ ಮಕ್ಕಳಿಗೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆ.

ಪರೀಕ್ಷೆಯಲ್ಲಿ ಕರ್ತರಿ ಪ್ರಯೋಗದ ವಾಕ್ಯ ಕೊಟ್ಟರೆ ಕ್ರಿಯಾಪದಕ್ಕೆ ಹೊಂದುವ ಪದವನ್ನು ಕರ್ತೃ ಎಂದು ಬರೆಯಲಿ. 'ಅಲ್ಪಟ್ಟಿತು' ಎಂದು ಕೊನೆಯಾದರೆ ತೃತೀಯೆಯಲ್ಲಿರುವ ಪದವನ್ನು ಹುಡುಕಲಿ. ನಿಮ್ಮ ಹಲಸಿನ ಹಣ್ಣಿನ ವಾಕ್ಯ ಯಾವ ಬಗೆಯದೆಂದು ಕೇಳಿದರೆ ಸಾಮಾನ್ಯ ವಾಕ್ಯವೆಂದೇ ಬರೆಯಬೇಕು, ಏಕೆಂದರೆ ಪೂರ್ಣಕ್ರಿಯಾಪದ ಒಂದೇ ಇದೆ. "ಅಪ್ಪ ಹಣ್ಣನ್ನು ತಂದನೆಂದು ಅಜ್ಜಿ ಹೇಳಿದಳು" ಎಂದಾದಾಗ ಅದು ಮಿಶ್ರ ವಾಕ್ಯ.

ಬದಿಯಡ್ಕದ ತಾಯಿ ಬರೆದದ್ದು:

ತಿಳಿಯಿತು, ಮಾಸ್ಟ್ರೇ. ಮಗಳು ಇಂದು ಬೆಳಗ್ಗೆ ತಾನೇ ಒಂದು ವಾಕ್ಯವನ್ನು ರಚಿಸಿ ಟಿಪ್ಪಣಿ ಪುಸ್ತಕದಲ್ಲಿ ಬರೆದಿದ್ದಾಳೆ: "ನಾನು ಕೇಳಿದ ಪ್ರಶ್ನೆಗಳು ಮಾಸ್ಟ್ರಿಗೆ ಇಷ್ಟವಾದವು." 'ಪ್ರಶ್ನೆಗಳು' ಎಂಬ ಪದದ ಕೆಳಗೂ 'ಇಷ್ಟವಾದವು' ಎಂಬ ಪದದ ಕೆಳಗೂ ಗೆರೆ ಎಳೆದು, 'ಕೇಳಿದ' ಎಂಬುದರ ಮೇಲೆ ಕೃದಂತ ಎಂದು ಸಣ್ಣದಾಗಿ ಬರೆದಿದ್ದಾಳೆ. ನಾಳೆ ಅದನ್ನು ತನ್ನ ಟೀಚರಿಗೆ ತೋರಿಸುವುದಾಗಿ ಹೇಳಿ ಬಸ್ಸಿಗೆ ಹೋದಳು.